ಒಣ ಹಿಂಡಿ

ಮೂರು ತಿಂಗಳಲ್ಲಿ ಪ್ಯಾಂಟು ಕುಗ್ಗಿರಲಿಕ್ಕಿಲ್ಲ, ತಾನೇ ಹಿಗ್ಗಿರಬೇಕು ಎಂದು ಒಪ್ಪಿಕೊಳ್ಳಲು ಗಂಗಾಧರನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಉಸಿರೆಳೆದು, ಹೊಟ್ಟೆ ಒಳಗೆ ತೆಗೆದುಕೊಂಡು, ಬೀರುವಿನ ಕನ್ನಡಿಗೆ ಬೆನ್ನು ಹಾಕಿ ನಿಂತು ಗುಂಡಿ ಹಾಕಿದ. ಉಸಿರು ಬಿಟ್ಟಾಗ ಗುಂಡಿ ಕಿತ್ತು ಹಾರಲಿಲ್ಲ. ಅಷ್ಟಕ್ಕೇ ಎದೆಯೊಳಗೆ ಒಂದು ಖುಷಿ ಎದ್ದಿತು, ಎದ್ದ ಬೆನ್ನಿಗೇ ಅದರ ಮೇಲೆ ನಾಚಿಕೆ ಬಂದು ಕೂತಿತು. ಐವತ್ತೊಂದು ವರ್ಷದ ಗಂಡಸು, ಇಪ್ಪತ್ತಾರು ವರ್ಷದಿಂದ ಸರ್ಕಾರಿ ಬಸ್ಸಿನ ಡ್ರೈವರು, ವಾರದ ರಜೆಯ ದಿನ ಬೆಳಿಗ್ಗೆ ಆರೂವರೆಗೆ ಎದ್ದು ಹೊಸ ಅಳಿಯನ ಹಾಗೆ ಕನ್ನಡಿ ಮುಂದೆ ಒದ್ದಾಡುವುದೆಂದರೇನು. ಅಡುಗೆಮನೆ ಬಾಗಿಲಿಗೆ ಬಂದ ಹೆಂಡತಿ ಅನಿತಾ ಸೌಟು ಹಿಡಿದುಕೊಂಡೇ ನೋಡಿದಳು. 'ಶಿವರಾತ್ರಿ ಮುಗೀತು, ಸವಾರಿ ಶುರುವಾಯ್ತು' ಎಂದಳು. 'ಚಳಿಗಾಲ ಪೂರ್ತಿ ಹಿತಕಬೇಳೆ ಸಾರು ಹೊಡ್ದೋರ್ನ ಹೊರೋಕೆ ಆ ಬಡಪಾಯಿ ಏನು ಪಾಪ ಮಾಡಿತ್ತೋ ಕಣ್ರೀ.' ತಮಾಷೆಗೆ ಅಂದ ಮಾತು. ಆದರೂ ಬಡಪಾಯಿ ಎಂದಾಗ ಗಂಗಾಧರನ ಕೈ ಬೆಲ್ಟಿನ ಮೇಲೆ ನಿಂತುಬಿಟ್ಟಿತು. 'ಹುಷಾರಾಗೈತಂತಾ ಆ ಕುದುರೆ?' ಎಂದು ಅವಳೇ ಕೇಳಿದಳು. 'ಆಗೈತಂತೆ.' 'ಏನಾಗಿತ್ತಂತೆ?' 'ಹೊಟ್ಟೆ ಶೂಲೆ' ಎಂದವನು ಸ್ಕೂಟರಿನ ಕೀ ಹುಡುಕುವವನ ಹಾಗೆ ಬೆನ್ನು ತಿರುಗಿಸಿದ. ಕೀ ಅವನ ಕೈಯಲ್ಲೇ ಇತ್ತು.

ಹಿತ್ತಿಲಲ್ಲಿ ಹಸು ಅವನ ಹೆಜ್ಜೆ ಸದ್ದಿಗೆ ಕೂಗಿತು. ಗೋಡೆ ಪಕ್ಕದ ಬಕೆಟ್ಟಿನಲ್ಲಿ ರಾತ್ರಿಯಿಂದ ನೆನೆದ ಕೊಬ್ಬರಿ ಹಿಂಡಿ ಉಬ್ಬಿಕೊಂಡು ಹುಳಿ ವಾಸನೆ ಬಿಡುತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ, ಮನೆ ಎಂದರೆ ಅದೇ. ಕೊಬ್ಬರಿ ಗಾಣಕ್ಕೆ ಹೋದ ದಿನ ಎಣ್ಣೆ ಮನುಷ್ಯರಿಗೆ, ಹಿಂಡಿ ದನಕ್ಕೆ. ಕರು ಹಾಕಿದ ಹಸುವಿಗೆ, ದುಡಿದು ಬಂದ ಎತ್ತಿಗೆ, ಪ್ರೀತಿ ಉಕ್ಕಿದ ಯಾವ ಬಾಯಿಲ್ಲದ ಪ್ರಾಣಿಗೇ ಆಗಲಿ ಒಂದು ಹಿಡಿ ಹಿಂಡಿ ಕೊಡುವುದು ಇಲ್ಲಿಯವರ ಕೈಗೆ ಯಾರೂ ಕಲಿಸದೆ ಬಂದ ವಿದ್ಯೆ. ಆ ಬಕೆಟ್ಟಿನ ಪಕ್ಕ ಹಾಯುವಾಗ ಗಂಗಾಧರ ಮೂರು ತಿಂಗಳಿಂದ ಉಸಿರು ಹಿಡಿಯುತ್ತಿದ್ದ. ಇವತ್ತೂ ಹಿಡಿದ, ಸ್ಕೂಟರು ಗೇಟು ದಾಟಿದ ಮೇಲೆ ಬಿಟ್ಟ.

ತುರುವೇಕೆರೆ ಪೇಟೆ ಮುಗಿದು ದಬ್ಬೇಘಟ್ಟದ ರಸ್ತೆ ಹಿಡಿದರೆ ಎರಡೂ ಕಡೆ ತೆಂಗಿನ ತೋಟ. ಗಾಳಿಯಲ್ಲಿ ಚಳಿಯ ಮೊನೆ ಮುರಿದಿತ್ತು. ಗರಿಗಳ ಸಂದಿನಿಂದ ಬಿಸಿಲು ಡಾಂಬರಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಈ ರಸ್ತೆಯಲ್ಲಿ ಅವನು ಆರು ವರ್ಷ ಬಸ್ಸು ಓಡಿಸಿದ್ದ. ಯಾವ ಗುಂಡಿ ಎಲ್ಲಿದೆ, ಯಾವ ಮುದುಕಿ ಎಲ್ಲಿ ಕೈ ಅಡ್ಡ ಹಾಕುತ್ತಾಳೆ ಎಂಬುದೆಲ್ಲ ಅವನ ಕಾಲಿಗೇ ಗೊತ್ತು. ನಾಲೆಯ ಸೇತುವೆ ಹತ್ತಿರ, ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ, ಅದು ರಸ್ತೆಯ ನಟ್ಟನಡುವೆ ನಿಂತಿತ್ತು. ಎತ್ತರದ ಕಂದು ಹೆಣ್ಣು ಕುದುರೆ, ಹಣೆಯ ಮೇಲೆ ಹೆಬ್ಬೆರಳಲ್ಲಿ ಸುಣ್ಣ ಒತ್ತಿದಷ್ಟು ಬಿಳಿ. ಹಾರನ್ ಹೊಡೆದ. ಹಾರನ್ನಿಗೆ ಎಮ್ಮೆ ಏಳುತ್ತದೆ, ಕುರಿ ಚದುರುತ್ತದೆ, ಮದುವೆ ದಿಬ್ಬಣವೂ ಗೊಣಗಿಕೊಂಡು ಬದಿಗೆ ಸರಿಯುತ್ತದೆ. ಇದು ಒಂದು ಕಿವಿಯನ್ನು ಮಾತ್ರ ಅವನ ಕಡೆ ತಿರುಗಿಸಿ ಸುಮ್ಮನೆ ನಿಂತಿತು. ಹಿಂದಿನಿಂದ ಕಂಡಕ್ಟರ್ ಬಸವಕುಮಾರ್ ಸೀಟಿ ಊದಿದ. ಯಾಕೋ, ಏನು ಹೊಳೆಯಿತೋ, ಗಂಗಾಧರ ಇಂಜಿನ್ ಆಫ್ ಮಾಡಿಬಿಟ್ಟ. ನಡುದಾರಿಯಲ್ಲಿ ಬೇಕೆಂದೇ ಇಂಜಿನ್ ನಿಲ್ಲಿಸಿದ್ದು ಅವನ ಸರ್ವೀಸಿನಲ್ಲಿ ಅದೇ ಮೊದಲು. ನಾಲೆಯಲ್ಲಿ ನೀರು ಹರಿಯುವ ಸದ್ದು ಬಸ್ಸಿನೊಳಗೆ ಬಂತು. ಕುದುರೆಯ ಮೈಯ ಮೇಲೆ ನೊಣ ಕೂತ ಜಾಗದ ಚರ್ಮ ಮಾತ್ರ ಝುಮ್ಮೆಂದು ನಡುಗಿದ್ದು ಕಂಡಿತು. ಅದನ್ನು ನೋಡುತ್ತ ತನಗೆ ಏನೋ ಬೇಕಾಗಿದೆ, ಬಹಳ ದಿನದಿಂದ ಬೇಕಾಗಿದೆ, ಅದೇನೆಂದು ಯಾರೂ ಕೇಳಲೇ ಇಲ್ಲ ಎಂದು ಅವನಿಗೆ ಅನ್ನಿಸಿತು.

ಟವೆಲ್ಲು ಬೀಸಿಕೊಂಡು ಓಡಿಬಂದವನು ಮಾಯಣ್ಣ. 'ತಪ್ಪು ತಿಳ್ಕಬ್ಯಾಡಿ ಡ್ರೈವರಣ್ಣ, ಇವಳಿಗೆ ಹಾರನ್ನು ಯಾವ ಲೆಕ್ಕ? ಸಾವಿರಾರು ಜನ ಅರಚ್ಕೊಳೋ ಜಾಗದಾಗೆ ಓಡಿ ಬಂದೋಳು.' ಮಾಯಣ್ಣ ಮೂವತ್ತು ವರ್ಷ ಬೆಂಗಳೂರಿನ ರೇಸಿನ ಕುದುರೆಗಳ ಲಾಯದಲ್ಲಿ ದುಡಿದವನು. ಇನ್ನು ಗೆಲ್ಲುವುದಿಲ್ಲವೆಂದು ಈ ಕುದುರೆಯನ್ನು ಕೈಬಿಟ್ಟ ವರ್ಷವೇ ಅವನಿಗೂ ವಯಸ್ಸಾಯಿತೆಂದು ಕಳಿಸಿಕೊಟ್ಟರು. ಇಬ್ಬರೂ ಒಂದೇ ಲಾರಿಯಲ್ಲಿ ಊರಿಗೆ ಬಂದರು. ರೇಸಿನ ಕಾಗದದಲ್ಲಿ ಅದರ ಹೆಸರು 'ಲಾಸ್ಟ್ ಲೆಟರ್' ಎಂದಿತ್ತು. ಮಾಯಣ್ಣನ ಹೆಂಡತಿ ಅಂಕಮ್ಮ ಅದನ್ನು ಒಂದೇ ದಿನದಲ್ಲಿ ಲೆಟ್ರಮ್ಮ ಮಾಡಿದಳು. ಅಂಕಮ್ಮನ ತವರಿನಿಂದ ಬಂದ ಎರಡೆಕರೆ ತೋಟದ ಮೂಲೆಯಲ್ಲಿ ದುಂಡಗೆ ಕಂಬ ನೆಟ್ಟು, ಬಿದಿರು ಗಳ ಕಟ್ಟಿ, ಬಿದ್ದವರಿಗೆ ಪೆಟ್ಟಾಗದಿರಲೆಂದು ತೆಂಗಿನ ನಾರಿನ ಪುಡಿ ಸುರಿದು, 'ಕುದುರೆ ಸವಾರಿ ಕಲಿಸಲಾಗುವುದು' ಎಂದು ಬೋರ್ಡು ಹಾಕಿದ್ದರು. ಮೂರು ವಾರ ಆ ಬೋರ್ಡನ್ನು ಬಸ್ಸಿನಿಂದ ಓದಿದ ಗಂಗಾಧರ ನಾಲ್ಕನೆಯ ವಾರ ಸ್ಕೂಟರಿನಲ್ಲಿ ಬಂದು ಕೆಳಗೆ ನಿಂತ.

ಅವನ ಜೊತೆ ಕಲಿಯುತ್ತಿದ್ದವಳು ಅಮ್ಮಸಂದ್ರದಿಂದ ಅಪ್ಪನ ಬೈಕಿನಲ್ಲಿ ಬರುವ ಜೀವಿತಾ, ಐದನೇ ಕ್ಲಾಸು. ಅವಳು ಎರಡನೆಯ ದಿನವೇ ಕುದುರೆಯ ಮೇಲೆ ಬೀಗರ ಮನೆಗೆ ಹೊರಟವಳ ಹಾಗೆ ಸಲೀಸಾಗಿ ಕೂತಳು. ಗಂಗಾಧರನನ್ನು ಹತ್ತಿಸಲು ಮಾಯಣ್ಣ ಒಂದು ಸಿಮೆಂಟು ಇಟ್ಟಿಗೆ, ಅದರ ಮೇಲೆ ಒಂದು ಮಣೆ ಇಡಬೇಕಾಯಿತು. ಲೆಟ್ರಮ್ಮ ಹೆಜ್ಜೆ ಹಾಕುವಾಗ ಹೇಗೋ ಸರಿ. ನಡಿಗೆ ಬಿಟ್ಟು ಎರಡು ಹೆಜ್ಜೆಯ ಕುಣಿತದ ಓಟಕ್ಕೆ ಬಂದರೆ, ಮಾಯಣ್ಣ ಅದಕ್ಕೆ ದುಲ್ಕಿ ಅನ್ನುತ್ತಿದ್ದ, ಗಂಗಾಧರನ ಮೈಯೆಲ್ಲ ಸಡಿಲವಾದ ಟಿನ್ನಿನ ಡಬ್ಬಿ. 'ಅದು ಎತ್ತಿ ಹಾಕೋಕೆ ಮುಂಚೆ ನೀವೇ ಏಳ್ಬೇಕು ಕಣಪ್ಪ. ಏಳಿ, ಕೂರಿ, ಏಳಿ, ಕೂರಿ' ಎಂದು ಮಾಯಣ್ಣ ಉದ್ದನೆಯ ಹಗ್ಗ ಹಿಡಿದು ನಡುವೆ ನಿಂತು ಕೂಗುವನು. ಬಿದಿರಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ ಜೀವಿತಾ, 'ಅಂಕಲ್, ನೀವು ಏಳೋವಾಗ ಅದು ಕೂರ್ತೈತೆ, ಅದು ಏಳೋವಾಗ ನೀವು ಕೂರ್ತೀರಿ' ಎನ್ನುವಳು. ನಿಜವೇ. ಇಪ್ಪತ್ತಾರು ವರ್ಷ ಡ್ರೈವರ್ ಸೀಟು ಅವನನ್ನು ಎತ್ತಿ ಹಾಕಿತ್ತು. ಗುಂಡಿ ಬಂದಾಗ ಎತ್ತಿತು, ಉಬ್ಬು ಬಂದಾಗ ಎತ್ತಿತು, ಅವನು ಬಿದ್ದಲ್ಲಿ ಬಿದ್ದ. ತಾನಾಗಿ ಏಳುವುದನ್ನು ಬೆನ್ನು ಮರೆತೇಬಿಟ್ಟಿತ್ತು. ಏಳು ತಿಂಗಳು ಹೀಗೇ ನಡೆಯಿತು. ಪ್ರತಿವಾರ ತೊಡೆ ತರಚಿಕೊಂಡು, ಮನೆಗೆ ಹೋಗಿ ಬಿಸಿನೀರು ಕೇಳಿ, ಅನಿತಾಳಿಂದ ಮಾತು ಕೇಳಿಸಿಕೊಂಡು, ಮುಂದಿನ ವಾರ ಮತ್ತೆ ಬಂದ.

ಕಾರ್ತಿಕದ ಕೊನೆಯ ಬುಧವಾರ ಅದು ಆಯಿತು. ಅವತ್ತು ಕ್ಲಾಸು ಸಂಜೆಗೆ ಇತ್ತು, ಚಳಿಗೆ ಮುಂಚಿನ ಕಡೆಯ ಕ್ಲಾಸು. ನಾಲೆಯ ಕಡೆಯಿಂದ ಮಂಜು ಬೀಳಲು ಶುರುವಾದರೆ ಲೆಟ್ರಮ್ಮನಿಗೆ ಕೆಮ್ಮು, ಶಿವರಾತ್ರಿಯವರೆಗೆ ರಜೆ, ಅದು ಮಾಯಣ್ಣನ ಕಟ್ಟುನಿಟ್ಟು. ಕತ್ತಲಾಗಲು ಅರ್ಧ ಗಂಟೆ ಇತ್ತು. ಗಂಗಾಧರ ಯೋಚಿಸುವುದನ್ನು ಬಿಟ್ಟಿದ್ದ, ದಣಿದಿದ್ದ. ಆಗ ಇದ್ದಕ್ಕಿದ್ದಂತೆ ಮೈ ತಾನಾಗಿ ಎದ್ದಿತು. ಎದ್ದಾಗ ಕುದುರೆ ಕೆಳಗಿತ್ತು, ಕೂತಾಗ ಬಂದು ಸೇರಿತು. ಮತ್ತೆ ಎದ್ದ. ಭಾರವೇ ಇರಲಿಲ್ಲ. ಗಾಳಿ ಕಿವಿಯ ಪಕ್ಕ ಹಾಯಿತು, ಲೆಟ್ರಮ್ಮನ ಕಿವಿಗಳು ಮುಂದಕ್ಕೆ ನಿಗುರಿದ್ದವು, ತಾನು ಎಲ್ಲಿ ಮುಗಿದು ಅದು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಹನ್ನೊಂದು ಸಲ. ಹನ್ನೆರಡನೆಯದಕ್ಕೆ ತಾಳ ತಪ್ಪಿ ದಬಕ್ಕನೆ ಕೂತ. ಇಳಿದ ಮೇಲೆ ಅಳು ಬರುವಂತಿತ್ತು. ಜೀವಿತಾ ಚಪ್ಪಾಳೆ ತಟ್ಟಿದಳು. ಮಾಯಣ್ಣ ನೀರು ಕುಡಿಯಲು ಮನೆ ಕಡೆ ಹೋದ. ಗಂಗಾಧರನಿಗೆ ಆ ಗಳಿಗೆಯಲ್ಲಿ ಲೆಟ್ರಮ್ಮನಿಗೆ ಏನಾದರೂ ಕೊಡದೆ ಇರಲು ಸಾಧ್ಯವಿರಲಿಲ್ಲ. ಸ್ಕೂಟರಿನ ಮುಂದೆ, ಕಾಲಿನ ಹತ್ತಿರ, ಗಾಣದಿಂದ ಹಸುವಿಗೆಂದು ತಂದ ಹಿಂಡಿಯ ಕೈಚೀಲವಿತ್ತು, ಇನ್ನೂ ಬೆಚ್ಚಗೆ ಎಣ್ಣೆ ವಾಸನೆ ಹೊಡೆಯುವ ಒಣ ಹಿಂಡಿ. ಒಂದು ತುಂಡು ಅಂಗೈಯಲ್ಲಿ ಹಿಡಿದ. ಅದರ ತುಟಿಗಳು ಎಷ್ಟು ಮೃದುವಾಗಿ ಎತ್ತಿಕೊಂಡವೆಂದರೆ ಇನ್ನೊಂದು ಕೊಟ್ಟ. ಇನ್ನೊಂದು. ಚೀಲ ಖಾಲಿಯಾದ ಮೇಲೆ ಅದು ಅವನ ಅಂಗೈಯ ಗೆರೆಗಳನ್ನೂ ನೆಕ್ಕಿತು. ಅಷ್ಟು ಸಂತೋಷವಾಗಿ ಅವನು ತನ್ನ ಮದುವೆಯ ದಿನವೂ ಇರಲಿಲ್ಲ, ಅನಿತಾಳಿಗೆ ಇದು ಗೊತ್ತಾಗಬಾರದು ಅಷ್ಟೇ.

ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದು ಸಾವಕಾಶವಾಗಿ ಅಗಿಯುತ್ತದೆ. ಕುದುರೆಗೆ ಆ ವರ ಇಲ್ಲ. ಒಳಗೆ ಹೋದದ್ದು ಹೋಯಿತು, ವಾಂತಿಯೂ ಬರುವುದಿಲ್ಲ, ಒಣ ಹಿಂಡಿ ಹೊಟ್ಟೆಯೊಳಗೆ ನೀರು ಕುಡಿದು ಉಬ್ಬುತ್ತ ಹೋಗುತ್ತದೆ. ಇದೆಲ್ಲ ಅವನಿಗೆ ಆಮೇಲೆ, ಮೊಬೈಲಿನಲ್ಲಿ ಹುಡುಕಿ ಹುಡುಕಿ ತಿಳಿದದ್ದು. ಮಾರನೆಯ ದಿನ ತುರುವೇಕೆರೆ ಸ್ಟ್ಯಾಂಡಿನಲ್ಲಿ ಸ್ಟೇರಿಂಗಿನ ಮುಂದೆ ಕೂತಿದ್ದಾಗ ಮಾಯಣ್ಣನ ಫೋನು ಬಂತು. ದನಿ ಒಡೆದಿತ್ತು. 'ಬದುಕ್ತು ಕಣಪ್ಪ. ರಾತ್ರಿಯೆಲ್ಲ ಬಿದ್ದು ಬಿದ್ದು ಹೊಳ್ಳಾಡ್ತು. ಡಾಕ್ಟ್ರು ಮೂಗಿನಾಗೆ ಪೈಪು ಬುಟ್ಟು ಎಣ್ಣೆ ಹುಯ್ದ್ರು. ನಮ್ಮನೆಯೋಳು ಅವರೆಕಾಯಿ ಸಿಪ್ಪೆ ಮೊರಗಟ್ಲೆ ಸುರ್ದವಳೆ ಅದರ ಮುಂದೆ. ಏನಂತ ಬಯ್ಯಾನ ಹೇಳಿ, ತಾಯಂಗೆ ಸಾಕಿದ್ಲು, ಅವಳ ಕೈಯಾಗೇ ಹಿಂಗಾಯ್ತು.' ಗಂಗಾಧರನ ಬಾಯಿಂದ ಬಂದದ್ದು ಒಂದೇ ಮಾತು. 'ಹೌದಾ?' ಆಮೇಲೆ, 'ಬಸ್ ಬುಡ್ಬೇಕು ಮಾಸ್ಟ್ರೇ' ಎಂದ. ಬಸ್ಸು ಬಿಡಲು ಇನ್ನೂ ನಾಲ್ಕು ನಿಮಿಷ ಇತ್ತು.

ಹೇಳಬಹುದಿತ್ತು. ನಾಲ್ಕು ನಿಮಿಷ ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ ಮಾಯಣ್ಣನ ಲಾಯದಲ್ಲಿ ಇದ್ದದ್ದು ಒಂದೇ ಕಾನೂನು, ಅವನನ್ನು ಕೇಳದೆ ಕುದುರೆಯ ಬಾಯಿಗೆ ಏನನ್ನಾದರೂ ಇಟ್ಟವರು ಮತ್ತೆ ಅದರ ಬೆನ್ನು ಹತ್ತುವಂತಿಲ್ಲ. ತಿಪಟೂರಿನ ಒಬ್ಬ ಗುತ್ತಿಗೆದಾರರು ಪ್ರೀತಿಗೆಂದು ಒಂದು ಬೆಲ್ಲದಚ್ಚು ತಿನ್ನಿಸಿದ್ದಕ್ಕೆ, ಕಾರಿನಲ್ಲಿ ಬಂದವರನ್ನು ಕಾರಿನಲ್ಲೇ ಹಿಂದಕ್ಕೆ ಕಳಿಸಿದ್ದನ್ನು ಗಂಗಾಧರ ಕಣ್ಣಾರೆ ಕಂಡಿದ್ದ. ಕಂಡು, ಒಳಗೊಳಗೇ ಮೆಚ್ಚಿಕೊಂಡೂ ಇದ್ದ. ಹೇಳಿದರೆ ಆ ಹನ್ನೊಂದೇ ಕಡೆಯವು. ಹೇಳದಿದ್ದರೆ ಶಿವರಾತ್ರಿ ಆದಮೇಲೆ ಹನ್ನೆರಡನೆಯದು ಉಂಟು. ವಿಷಯ ಇಷ್ಟೇ ಸರಳವಾಗಿತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಅಷ್ಟು ಅಸಹ್ಯವಾಯಿತು. ಕುದುರೆ ಬದುಕಿದೆಯಲ್ಲ, ಅಂಕಮ್ಮನೂ ಸಿಪ್ಪೆ ಹಾಕಿದ್ದು ಸುಳ್ಳಲ್ಲವಲ್ಲ, ಹೆಂಗಸರು ಬೈಸಿಕೊಂಡರೂ ನಾಲ್ಕು ದಿನಕ್ಕೆ ಮರೆಯುತ್ತಾರಲ್ಲ ಎಂದು ತನಗೆ ತಾನೇ ವಕೀಲನಾದ. ಆ ವಾರವೇ ಡಿಪೋದಲ್ಲಿ ಬೆನ್ನು ನೋವೆಂದು ಹೇಳಿ ರೂಟು ಬದಲಾಯಿಸಿಕೊಂಡ. ದಬ್ಬೇಘಟ್ಟ ಬಿಟ್ಟು ಚಿಕ್ಕನಾಯಕನಹಳ್ಳಿಯ ಕಡೆ.

ಚಳಿಗಾಲವೆಲ್ಲ ಆ ರಸ್ತೆಯ ಮಂಜಿನಲ್ಲಿ ಬಸ್ಸು ಓಡಿಸಿದ. ಬೆಳಗಿನ ಮೊದಲ ಟ್ರಿಪ್ಪಿಗೆ ಹೆಡ್‌ಲೈಟು ಹತ್ತಡಿಯ ಆಚೆಗೆ ಸಾಯುತ್ತಿತ್ತು, ತೆಂಗಿನ ಮರಗಳು ಬುಡ ಮಾತ್ರ ಕಂಡು ತಲೆ ಇಲ್ಲದೆ ನಿಂತಿದ್ದವು. ಎಲ್ಲಿ ಆ ಬಿಳುಪಿನೊಳಗಿಂದ ಎತ್ತರದ ಕಂದು ಮೈಯೊಂದು ರಸ್ತೆಗೆ ಬಂದು ನಿಲ್ಲುತ್ತದೋ ಎಂದು ಕಾಯುತ್ತಿದ್ದ. ಅದು ಬಂದೀತೆಂದು ಹೆದರುತ್ತಿದ್ದನೋ ಬರಲೆಂದು ಬೇಡುತ್ತಿದ್ದನೋ ಅವನಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಬಯಕೆ ಎನ್ನುವುದು ಬಸುರಿಯರಿಗೆ ಮಾತ್ರ ಎಂದು ತಿಳಿದಿದ್ದವನು ಈ ವಯಸ್ಸಿನಲ್ಲಿ ನಾಲಿಗೆಯಲ್ಲಿ, ತೊಡೆಯಲ್ಲಿ, ಬೆನ್ನ ಹುರಿಯಲ್ಲಿ ಅದನ್ನು ಹೊತ್ತುಕೊಂಡು ತಿರುಗಿದ. ರಸ್ತೆಯ ಉಬ್ಬು ಬರುವ ಮೊದಲೇ ಸೀಟಿನಿಂದ ಮೈ ಒಂದಿಷ್ಟು ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಒಂದು ದಿನ ಈ ರೂಟಿಗೇ ಬಂದಿದ್ದ ಬಸವಕುಮಾರ್ ಟಿಕೆಟ್ ಮುಗಿಸಿ ಮುಂದೆ ಬಂದು, ತುಂಬಿದ ಬಸ್ಸಿನಲ್ಲಿ, 'ಯಾಕಣ್ಣ, ಮೂಲವ್ಯಾಧಿಯಾ? ನಮ್ಮಾವ್ನಿಗೂ ಹಿಂಗೇ ಆಗಿತ್ತು, ಮೂಲಂಗಿ ರಸ ಕುಡೀರಿ' ಎಂದ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಗಂಗಾಧರ ಗೇರು ಬದಲಿಸಿದ.

ಇವತ್ತು ಸ್ಕೂಟರು ನಿಲ್ಲಿಸಿದಾಗ ತೋಟದಲ್ಲಿ ಮಾಯಣ್ಣ ನಾರಿನ ಪುಡಿಯನ್ನು ಹರವಿ ಮಟ್ಟ ಮಾಡುತ್ತಿದ್ದ. 'ಬನ್ನಿ ಬನ್ನಿ, ಇವತ್ತಿಗೆ ನೀವೇ ಮೊದಲು. ಆ ಮಗೀಗೆ ಪರೀಕ್ಷೆಯಂತೆ' ಎಂದು ಹಲ್ಲು ಬಿಟ್ಟ. ಲಾಯದ ನೆರಳಿನಿಂದ ಅವನು ಲೆಟ್ರಮ್ಮನನ್ನು ಹೊರಗೆ ತಂದ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು, ಬೆನ್ನಿನ ಏಣು ಎದ್ದಿತ್ತು. ಆದರೆ ಹಣೆಯ ಬಿಳಿ ಅದೇ, ಕಿವಿಗಳು ಅವೇ. ಅದು ಅವನ ಹತ್ತಿರ ಬಂದು ಅಂಗೈಯನ್ನು ಮೂಸಿತು, ಬಿಸಿ ಉಸಿರು ಬಿಟ್ಟಿತು, ಏನೂ ಸಿಗದೆ ಮೂತಿ ತಿರುಗಿಸಿತು. ಅಷ್ಟೆ. ಕೋಪವಿಲ್ಲ, ನೆನಪೂ ಇಲ್ಲ. ಒದ್ದಿದ್ದರೆ ವಾಸಿಯಿತ್ತು ಎಂದುಕೊಂಡ. 'ಈಗ ತಿಂತಾಳೆ, ಪರವಾಗಿಲ್ಲ' ಎಂದ ಮಾಯಣ್ಣ ಜೀನು ಬಿಗಿಯುತ್ತ. 'ಮನೆಯೋಳ್ದೇ ಚಿಂತೆ. ಈ ಕಡೀಕೆ ಕಾಲಿಕ್ಕಾಕಿಲ್ಲ. ನಾನು ಅವತ್ತು ರಾತ್ರಿ ಸಿಟ್ಟಿನಾಗೆ ಎರಡು ಮಾತು ಅಂದೆ, ಮಾರನೇ ದಿನ ನಾನೇ ಬುಟ್ಬುಡೇ ಅಂದೆ. ಅವಳು ಬುಡ್ಲಿಲ್ಲ.'

ಅಂಕಮ್ಮ ಮನೆಯ ಜಗಲಿಯಿಂದ ಕಾಫಿಯ ಲೋಟ ಹಿಡಿದು ಬಂದಳು. ಬೇಲಿಯ ಆಚೆಗೆ, ಬಾವಿಕಟ್ಟೆಯ ಹತ್ತಿರವೇ ನಿಂತುಬಿಟ್ಟಳು, ಗಂಗಾಧರನೇ ಅಲ್ಲಿಗೆ ಹೋಗಬೇಕಾಯಿತು. ಮುಂಚೆ ಹೀಗಿರಲಿಲ್ಲ. ಮುಂಚೆ ಅವಳು ಕಾಫಿ ಕುಡಿಯುತ್ತಿದ್ದದ್ದೇ ಲೆಟ್ರಮ್ಮನ ಪಕ್ಕ ನಿಂತುಕೊಂಡು, ಊರಿನ ಸುದ್ದಿಯನ್ನೆಲ್ಲ ಅದರ ಕಿವಿಗೆ ಹಾಕಿ, ಅದು ತಲೆ ಕೊಡವಿದರೆ 'ನಿಂಗೇನೇ ಗೊತ್ತು' ಎಂದು ಗದರುತ್ತಿದ್ದಳು. ಈಗ ಕುದುರೆಯ ಕಡೆ ಬೆನ್ನು ಮಾಡಿ ನಿಂತಳು. 'ನೋಡುದ್ರಾ?' ಎಂದಳು ಸಣ್ಣ ದನಿಯಲ್ಲಿ. 'ನಾಲ್ಕು ಕಾಲೂ ನೆಟ್ಗೆ ಊರ್ತಾಳಾ? ಕಣ್ಣು ಹೆಂಗವೆ? ಅವ್ರನ್ನ ಕೇಳುದ್ರೆ ನೀನೇ ಬಂದು ನೋಡು ಅಂತಾರೆ. ನೀವು ಹೊರಗಿನೋರು, ಇದ್ದದ್ದು ಇದ್ದಂಗೆ ಹೇಳಿ.' ಗಂಗಾಧರ, 'ಚೆನ್ನಾಗವಳೆ ಅಂಕಮ್ಮ, ಚೆನ್ನಾಗವಳೆ' ಎಂದ. 'ಈ ಸಲ ಮನೆ ಒಳೀಕೆ ಒಂದು ಅವರೆಕಾಯಿ ತರ್ಲಿಲ್ಲ ಕಣಪ್ಪ' ಎಂದಳು ಅವಳು. 'ಸೊಗಡಿನ ವಾಸನೆ ಬಂದ್ರೆ ಹೊಟ್ಟೆ ತೊಳಸ್ತೈತೆ. ಪ್ರತಿ ವರ್ಷ ಸಿಪ್ಪೆ ಹಾಕ್ತಿದ್ದೆ, ಏನೂ ಆಗಿರ್ನಿಲ್ಲ. ಈ ಸಲ ನನ್ನ ಕೈ ಏನು ಕೈಯೋ.' ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಗಂಗಾಧರ ಕಾಫಿಯನ್ನು ನಾಲಿಗೆ ಸುಡುವ ಹಾಗೆ ಒಂದೇ ಗುಟುಕಿಗೆ ಕುಡಿದು ಲೋಟ ಬಾವಿಕಟ್ಟೆಯ ಮೇಲಿಟ್ಟ. ಈಗಲೇ ಹೇಳುತ್ತೇನೆ ಎಂದು ಬಾಯಿ ತೆರೆದ. 'ಹತ್ತೀರೇನ್ರೀ, ಬಿಸ್ಲು ಏರ್ತದೆ' ಎಂದು ಮಾಯಣ್ಣ ಕೂಗಿದ. ಅವನ ಕಾಲುಗಳು ತಾವಾಗಿಯೇ ಆ ಕಡೆ ಹೊರಟವು, ಎಷ್ಟು ಬೇಗ ಹೊರಟವೆಂದರೆ ಅವನಿಗೇ ಆಶ್ಚರ್ಯವಾಯಿತು.

ಲಾಯದ ಮೊಳೆಯಿಂದ ಸವಾರಿಯ ಹೆಲ್ಮೆಟ್ಟು ತೆಗೆದು ಹಾಕಿಕೊಂಡ. ಸಿಮೆಂಟು ಇಟ್ಟಿಗೆ, ಅದರ ಮೇಲೆ ಮಣೆ. ಹತ್ತುವಾಗ ಪ್ಯಾಂಟಿನ ಹಿಂದೆ ಒಂದು ಹೊಲಿಗೆ ಪರ್ರೆಂದಿತು. ಮಾಯಣ್ಣ ಕೇಳಿಸದವನ ಹಾಗೆ ಇದ್ದ. ಜೀನಿನ ಮೇಲೆ ಕೂತಾಗ ಮೂರು ತಿಂಗಳ ಹಸಿವು ಒಮ್ಮೆಲೇ ತೊಡೆಗಳಿಗೆ ಬಂತು. ಲೆಟ್ರಮ್ಮನ ಉಸಿರು ಅವನ ಕಾಲುಗಳ ನಡುವೆ ಹಿಗ್ಗಿ ಕುಗ್ಗಿತು. ತಾನು ಹೆಚ್ಚುಕಡಿಮೆ ಸಾಯಿಸಿಯೇಬಿಟ್ಟಿದ್ದ ಜೀವ ಇದೇ ಎಂದು ನೆನಪಾಯಿತು, ಆದರೂ ಕೈ ಹೋಗಿ ಕುತ್ತಿಗೆಯನ್ನು ಸವರಿತು. ಎರಡು ಸುತ್ತು ನಡಿಗೆ. ಮೂರನೆಯ ಸುತ್ತಿಗೆ ಮಾಯಣ್ಣ ನಾಲಿಗೆಯಲ್ಲಿ ಲೊಟಕ್ಕೆಂದು ಸದ್ದು ಮಾಡಿದ. ಲೆಟ್ರಮ್ಮ ದುಲ್ಕಿಗೆ ಬಂದಳು. ಡಬ್ಬಿ, ಡಬ್ಬಿ, ಡಬ್ಬಿ, ಮತ್ತೆ ಅದೇ ಸಡಿಲ ಡಬ್ಬಿ. ಹಲ್ಲು ಕಚ್ಚಿದ. ಇಲ್ಲ, ಹೋಯಿತು, ಚಳಿಗೆ ಸತ್ತುಹೋಯಿತು ಎಂದುಕೊಳ್ಳುವಷ್ಟರಲ್ಲಿ ಬೆನ್ನು ಎದ್ದಿತು. ಕೂತಿತು. ಎದ್ದಿತು. ಐದು, ಆರು, ಎಂಟು. ಹನ್ನೊಂದು. ಹನ್ನೆರಡು ಬಂದು ದಾಟಿ ಹೋಯಿತು, ಹದಿಮೂರು ಬಂದ ಮೇಲೆ ಅವನು ಎಣಿಸುವುದನ್ನೇ ಬಿಟ್ಟ.

'ಎದ್ರಲ್ಲಪ್ಪ! ಎದ್ರಲ್ಲ!' ಎಂದು ಮಾಯಣ್ಣ ಹಗ್ಗ ಹಿಡಿದು ತಿರುಗುತ್ತ ಮಗುವಿನ ಹಾಗೆ ಕೂಗಿದ. 'ಲೇ ಅಂಕೀ, ಬಾರೇ ಇಲ್ಲಿ, ಡ್ರೈವರಣ್ಣ ಎದ್ದವ್ರೆ ನೋಡ್ಬಾರೇ!' ಆ ಖುಷಿಗೋ, ಗಂಡ ಬಹಳ ದಿನದ ಮೇಲೆ ಹಾಗೆ ಕರೆದದ್ದಕ್ಕೋ, ಅಂಕಮ್ಮ ಬಾವಿಕಟ್ಟೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದು ಬಿದಿರಿನ ಬೇಲಿಗೆ ನಿಂತಳು. ನಿಂತವಳು ಗಂಗಾಧರನ ಮುಖವನ್ನು ಮಾತ್ರ ನೋಡಿದಳು. ಕಣ್ಣು ಅವನ ಮಂಡಿಯಿಂದ ಕೆಳಗೆ ಇಳಿಯದ ಹಾಗೆ ನೋಡಿಕೊಂಡಳು. ಪ್ರತಿ ಸುತ್ತಿಗೂ ಆ ಮುಖ ಬಂತು. ತೋಟ ಹಾಯಿತು, ಲಾಯ ಹಾಯಿತು, ಹುಲ್ಲಿನ ಬಣವೆ ಹಾಯಿತು, ಅಂಕಮ್ಮ ಬಂದಳು. ಮುಂದಿನ ಸುತ್ತಿಗೆ ಹೇಳುತ್ತೇನೆ ಎಂದುಕೊಂಡ. ತೋಟ, ಲಾಯ, ಬಣವೆ. ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಿನ ಬೆವರನ್ನು ತಣ್ಣಗೆ ಮಾಡಿತು. ದೇವರೇ, ಎಷ್ಟು ಚೆನ್ನಾಗಿತ್ತು. ಯಾರನ್ನೂ ಎಲ್ಲಿಗೂ ಮುಟ್ಟಿಸಬೇಕಾಗಿರಲಿಲ್ಲ, ಯಾರೂ ಕೈ ಅಡ್ಡ ಹಾಕುತ್ತಿರಲಿಲ್ಲ, ಹೊರಟಲ್ಲಿಗೇ ಬಂದು ಸೇರುವ ದಾರಿಯಲ್ಲಿ ಐವತ್ತೊಂದು ವರ್ಷದ ಮೈ ಯಾರದೋ ಹಗುರಾದ ಮೈಯಾಗಿತ್ತು. ಅಂಕಮ್ಮ ಬಂದಳು, ಹೋದಳು. ಇನ್ನೊಂದು ಸುತ್ತು. ಇದೊಂದು ಸುತ್ತು. ಅವಳು ಈಗ ನಗಲು ನೋಡುತ್ತಿದ್ದಳು, ಅವನಿಗಾಗಿ, ಅವನು ಎದ್ದದ್ದಕ್ಕಾಗಿ. ಸೆರಗಿನೊಳಗಿನ ಕೈ ಹೊರಗೆ ಬಂದು ಬಿದಿರನ್ನು ಹಿಡಿಯಿತು, ಲೆಟ್ರಮ್ಮ ಹತ್ತಿರ ಬರುತ್ತಲೇ ಬೆಂಕಿ ತಾಕಿದ ಹಾಗೆ ಮತ್ತೆ ಸೆರಗಿನೊಳಗೆ ಹೋಯಿತು.

ಒಂಬತ್ತನೆಯ ಸುತ್ತಿನಲ್ಲಿ ಅವನ ಬಾಯಿ ತೆರೆಯಿತು. 'ಅದು ಸಿಪ್ಪೆಯಲ್ಲ ಅಂಕಮ್ಮ' ಎಂದ. ದುಲ್ಕಿಯ ಏಟಿಗೆ ಮಾತು ತುಂಡು ತುಂಡಾಗಿ ಹೊರಗೆ ಬಂತು. 'ನಾನು. ನಾನು ಹಿಂಡಿ. ಕೊಟ್ಟಿದ್ದೆ ಅವತ್ತು.' ಮಾಯಣ್ಣ ಹಗ್ಗ ಬಿಗಿ ಹಿಡಿದ. ಲೆಟ್ರಮ್ಮ ನಾಲ್ಕು ಹೆಜ್ಜೆ ನಡೆದು ನಿಂತಳು. ನಾಲೆಯ ಸದ್ದು ಕೇಳಿಸತೊಡಗಿತು. ಗಂಗಾಧರ ಕುದುರೆಯ ಮೇಲೆ ಕೂತುಕೊಂಡೇ ಮೊದಲಿನಿಂದ ಹೇಳಿದ, ಗಾಣ, ಚೀಲ, ಜೀವಿತಾಳ ಚಪ್ಪಾಳೆ, ಮಾಯಣ್ಣ ನೀರಿಗೆ ಹೋದದ್ದು. ಫೋನಿನಲ್ಲಿ ಹೌದಾ ಅಂದದ್ದು. 'ಎಷ್ಟು?' ಎಂದ ಮಾಯಣ್ಣ. 'ಎರಡು ಕೆ.ಜಿ. ಇದ್ದಿರ್ಬೋದು.' 'ನೆನೆಸಿದ್ದಾ?' 'ಇಲ್ಲ. ಒಣದು.' ಮಾಯಣ್ಣ ಹಗ್ಗವನ್ನು ಮೊಣಕೈಗೆ ಅಂಗೈಗೆ, ಮೊಣಕೈಗೆ ಅಂಗೈಗೆ ಸುತ್ತುತ್ತ ಹತ್ತಿರ ಬಂದ. ಹತ್ತಿರ ಬಂದು, ಗಂಗಾಧರನ ಮುಖ ನೋಡದೆ, 'ಇಳೀರಿ' ಎಂದ.

ಇಳಿದ. ಮಣೆಯಿಲ್ಲದೆ ಇಳಿದದ್ದಕ್ಕೆ ಮಂಡಿ ಜಣಕ್ಕೆಂದಿತು. ಅಂಕಮ್ಮ ಬಯ್ಯುತ್ತಾಳೆ, ಬಯ್ಯಲಿ ಎಂದು ತಲೆ ತಗ್ಗಿಸಿ ನಿಂತ. ಅವಳು ಬಯ್ಯಲಿಲ್ಲ. 'ನಾನಲ್ವಾ?' ಎಂದಳು. ಗಂಡನ ಕಡೆ ತಿರುಗಿ ಮತ್ತೆ, 'ನಾನಲ್ವಾ ಹಂಗಾದ್ರೆ?' ಎಂದಳು. ಮಾಯಣ್ಣ ಅಲ್ಲವೆಂದು ತಲೆ ಆಡಿಸಿದ. ಅರವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಬಿದಿರಿನ ಗಳದ ಕೆಳಗೆ ನುಸುಳಿ ಬಂದಳು. ಲೆಟ್ರಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರಕ್ಕೆ ಎಳೆದುಕೊಂಡಳು. ಅದರ ಕಣ್ಣು ನೋಡಿದಳು, ಹಲ್ಲು ನೋಡಿದಳು, ಒಂದೊಂದು ಪಕ್ಕೆಲುಬನ್ನೂ ಬೆರಳಲ್ಲಿ ಮುಟ್ಟಿದಳು. 'ನೀನಾದ್ರೂ ಒಂದ್ಮಾತು ಹೇಳ್ಬಾರ್ದಾಗಿತ್ತೇನೇ ಮೂದೇವಿ' ಎಂದು ಅದರ ಕುತ್ತಿಗೆಗೆ ಹಣೆ ಒತ್ತಿ ಅತ್ತಳು. ಅಳು ನಿಂತ ಮೇಲೆ ಗಂಗಾಧರನ ಕಡೆ ತಿರುಗಿದಳು. 'ಮೂರು ತಿಂಗ್ಳು ಕಣಪ್ಪ' ಎಂದು ಹೇಳಿ ಮತ್ತೆ ಕುದುರೆಯ ಕಡೆ ತಿರುಗಿಕೊಂಡಳು.

'ಹೆಲ್ಮೆಟ್ಟು ಆ ಮೊಳೆಗೆ ನೇತಾಕಿ ಹೋಗಿ' ಎಂದ ಮಾಯಣ್ಣ. ಲಾಯದ ಕಾನೂನು ಗಂಗಾಧರನಿಗೆ ಗೊತ್ತಿತ್ತು. ಗಂಗಾಧರ ಹೆಲ್ಮೆಟ್ಟು ತೆಗೆದು ಒಳಗಿನ ಬೆವರನ್ನು ಅಂಗಿಯ ತುದಿಯಲ್ಲಿ ಒರೆಸಿ ಮೊಳೆಗೆ ಸಿಕ್ಕಿಸಿದ. ಹರಿದ ಹೊಲಿಗೆ ಕಾಣದಿರಲೆಂದು ಅಂಗಿಯನ್ನು ಕೆಳಕ್ಕೆ ಎಳೆದುಕೊಂಡು ಸ್ಕೂಟರಿನ ಕಡೆ ನಡೆದ. ಎದೆಯ ಭಾರ ಇಳಿದು ಹಗುರಾಗುತ್ತದೆ ಎಂದುಕೊಂಡಿದ್ದ. ಹಗುರಾಗಲಿಲ್ಲ. ತೊಡೆಗಳು ಇನ್ನೂ ಎದ್ದು ಕೂರುತ್ತಿದ್ದವು, ನೆಲ ಬಂದು ಸೇರುವುದಕ್ಕೆ ಅವು ಕಾಯುತ್ತಿದ್ದವು. ಸ್ಕೂಟರು ಒಂದೇ ಕಿಕ್ಕಿಗೆ ಹತ್ತಿಕೊಂಡಿತು. ಗೇಟಿನಲ್ಲಿ ತಿರುಗಿ ನೋಡಿದಾಗ ಅಂಕಮ್ಮ ಲೆಟ್ರಮ್ಮನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಮೂರು ತಿಂಗಳ ಸುದ್ದಿ ಬಾಕಿ ಇತ್ತಲ್ಲ. ಅದನ್ನು ನೋಡಿ ಅವನಿಗೆ ಸಂತೋಷವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ರಸ್ತೆಗೆ ಬಂದು ಗೇರು ಹಾಕುವಾಗ ಅವನ ತಲೆಯಲ್ಲಿದ್ದದ್ದು ಅಂಕಮ್ಮನಲ್ಲ. ಒಂಬತ್ತನೆಯ ಸುತ್ತಿನಲ್ಲಿ ಹೇಳಿಬಿಟ್ಟೆನಲ್ಲ, ಹತ್ತನೆಯದನ್ನು ಮುಗಿಸಿ ಹೇಳಬಹುದಿತ್ತಲ್ಲ ಎಂದು ಅವನು ಯೋಚಿಸುತ್ತಿದ್ದ.